ಪರರ ಹೆಸರು, ಪರರ ಹಣ: ಗಣಕಯುಗದ ಸೋಗುಗಾರಿಕೆ ಮತ್ತು ನಮ್ಮ ಕಾನೂನು

ಸೋಗು ಹಾಕಿ ಮೋಸಗೊಳಿಸುವ ವಿದ್ಯೆ ಇಂದು ನಿನ್ನೆಯದಲ್ಲ. ಪಂಚವಟಿಯ ಪರ್ಣಶಾಲೆಯ ಮುಂದೆ ಬಂದು ನಿಂತವನು ಲಂಕಾಧಿಪತಿಯ ಕಿರೀಟವನ್ನು ಧರಿಸಿ ಬರಲಿಲ್ಲ. ಕಮಂಡಲುವನ್ನು ಹಿಡಿದು ಭಿಕ್ಷೆಯನ್ನು ಬೇಡುತ್ತ ಬಂದನು. ಅವನು ಮೊದಲು ಅಪಹರಿಸಿದ್ದು ಸನ್ಯಾಸಿಗೆ ಲೋಕವು ಸಲ್ಲಿಸುತ್ತ ಬಂದ ಗೌರವವನ್ನು; ಸೀತಾಪಹರಣವು ಅದರ ನಂತರದ ಕಾರ್ಯ. ಇಂದು ದೂರವಾಣಿ ಮತ್ತು ಗಣಕಯಂತ್ರಗಳ ಮೂಲಕ ನಡೆಯುತ್ತಿರುವ ವಂಚನೆಗಳನ್ನು ಪರಿಶೀಲಿಸಿದರೆ ಅಲ್ಲಿಯೂ ಇದೇ ಕ್ರಮವು ಕಂಡುಬರುತ್ತದೆ. ಬ್ಯಾಂಕಿನ ಮ್ಯಾನೇಜರ್, ಪೊಲೀಸ್ ಅಧಿಕಾರಿ, ನ್ಯಾಯಾಧೀಶ, ಪರದೇಶದಲ್ಲಿರುವ ಅಳಿಯ, ಹಳೆಯ ಸಹಪಾಠಿ, ಹೀಗೆ ಯಾರಲ್ಲಿ ನಮಗೆ ವಿಶ್ವಾಸವಿದೆಯೋ ಅಥವಾ ಯಾರಲ್ಲಿ ಭಯವಿದೆಯೋ ಅವರ ಹೆಸರು ಮೊದಲು ಕಳುವಾಗುತ್ತದೆ. ಹಣವು ಕಳುವಾಗುವುದು ಆಮೇಲೆ. ಈ ಎರಡು ಕಳವುಗಳನ್ನು ನಮ್ಮ ದೇಶದ ಕಾನೂನು ಹೇಗೆ ನೋಡುತ್ತದೆ, ಅದರ ಕೈ ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಮನೆಯ ಹಿರಿಯರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಬೇರೊಬ್ಬರ ರೂಪವನ್ನು ತಾಳುವುದೆಲ್ಲವೂ ಅಪರಾಧವೇ? ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹಗಲುವೇಷದವರು ಬರುತ್ತಿದ್ದುದನ್ನು ಹಿರಿಯರೆಲ್ಲ ಬಲ್ಲರು. ರಾಮನಾಗಿಯೋ ಭೀಮನಾಗಿಯೋ ಬಣ್ಣ ಬಳಿದುಕೊಂಡು ಬೀದಿಗೆ ಬಂದು, ಮಾತು ಹಾಡುಗಳಿಂದ ಜನರನ್ನು ರಂಜಿಸಿ, ಮನೆಮನೆಯಿಂದ ಕಾಳುಕಡಿಯನ್ನು ಪಡೆದು ಹೋಗುವ ಕಲಾವಿದರು ಅವರು. ನೋಡುವವರಿಗೆ ಅದು ವೇಷವೆಂದು ಗೊತ್ತು. ಕೊಡುವವರು ಕೊಟ್ಟದ್ದು ಕಲೆಗೆ. ಬೇಂದ್ರೆಯವರು ಅಂಬಿಕಾತನಯದತ್ತನೆಂಬ ಹೆಸರಿನಲ್ಲಿ ಬರೆದರು; ಅದರಿಂದ ಯಾರೂ ವಂಚಿತರಾಗಲಿಲ್ಲ. ಆದ್ದರಿಂದ ಕಾನೂನು ವೇಷವನ್ನಷ್ಟೇ ನೋಡಿ ದಂಡಿಸುವುದಿಲ್ಲ. ಈ ವೇಷವನ್ನು ನಿಜವೆಂದು ನಂಬಿದ್ದರಿಂದ ಒಬ್ಬನು ತನ್ನ ಸ್ವತ್ತನ್ನು ಒಪ್ಪಿಸಿದನೇ, ಹಾಗೆ ಒಪ್ಪಿಸಲೆಂದೇ ಮತ್ತೊಬ್ಬನು ವೇಷವನ್ನು ತೊಟ್ಟನೇ ಎಂಬುದನ್ನು ಅದು ಕೇಳುತ್ತದೆ. ಸೋಗು ಮತ್ತು ವಂಚನೆ ಇವೆರಡೂ ಕೂಡಿದಲ್ಲಿ ಮಾತ್ರ ಈ ಅಪರಾಧ ಪೂರ್ಣವಾಗುತ್ತದೆ.

ಮೆಕಾಲೆಯ ಕರಡಿನಿಂದ ರೂಪುಗೊಂಡು ೧೮೬೦ರಲ್ಲಿ ಅಂಗೀಕೃತವಾಗಿ ೧೮೬೨ರ ಜನವರಿ ೧ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ ೪೧೬ನೆಯ ಕಲಮು ಈ ಅಪರಾಧವನ್ನು ವಿವರಿಸಿತ್ತು. ಆ ಕಲಮಿನ ಉದಾಹರಣೆಗಳು ಇಂದಿಗೂ ಸ್ವಾರಸ್ಯಕರವಾಗಿವೆ. ತನ್ನ ಹೆಸರಿನವನೇ ಆದ ಒಬ್ಬ ಶ್ರೀಮಂತ ಸಾಹುಕಾರನು ತಾನೇ ಎಂದು ನಟಿಸಿ ಮೋಸ ಮಾಡುವವನು ಒಬ್ಬ; ಸತ್ತುಹೋದವನೊಬ್ಬನು ತಾನೆಂದು ಹೇಳಿಕೊಳ್ಳುವವನು ಇನ್ನೊಬ್ಬ. ಇವೆರಡಕ್ಕಿಂತ ಮುಖ್ಯವಾದದ್ದು ಅದರ ವಿವರಣೆಯಲ್ಲಿ ಸೇರಿಸಿರುವ ಒಂದು ಮಾತು: ಯಾರ ಸೋಗನ್ನು ಹಾಕಲಾಗಿದೆಯೋ ಆ ವ್ಯಕ್ತಿ ನಿಜವಾಗಿ ಇದ್ದರೂ ಸರಿ, ಕೇವಲ ಕಲ್ಪನೆಯವನಾದರೂ ಸರಿ, ಅಪರಾಧವು ಅಪರಾಧವೇ. ತಂತಿ ಅಂಚೆಯೇ ಹೊಸದಾಗಿದ್ದ ಕಾಲದಲ್ಲಿ ಬರೆದ ಈ ಮಾತು ಇಂದಿನ ಹುಸಿ ಖಾತೆಗಳಿಗೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಹೊಂದುತ್ತದೆ. ಮದುವೆಯ ಆಸೆ ತೋರಿಸಿ ಹಣ ಕೀಳುವ, ಎಲ್ಲಿಯೂ ಇಲ್ಲದ ವೈದ್ಯನೂ, ಚೌಕಾಶಿಯಿಲ್ಲದೆ ಹಳೆಯ ಪೀಠೋಪಕರಣವನ್ನು ಕೊಳ್ಳಲು ಬರುವ, ಎಲ್ಲಿಯೂ ಇಲ್ಲದ ಸೇನಾಧಿಕಾರಿಯೂ ಈ ವಿವರಣೆಯ ಒಳಗೇ ಸಿಕ್ಕಿಬೀಳುತ್ತಾರೆ.

ಹಿಂದಿನ ಕಾಲದಲ್ಲಿ ಒಬ್ಬನು ಇಂಥವನೇ ಎಂದು ನಿರ್ಧರಿಸುವುದು ಎಂಥ ದೀರ್ಘ ಕಾರ್ಯವಾಗಿತ್ತು ಎಂಬುದಕ್ಕೆ ಬಂಗಾಳದ ಭಾವಾಲ್ ಸನ್ಯಾಸಿಯ ಪ್ರಕರಣ ಸಾಕ್ಷಿಯಾಗಿದೆ. ಢಾಕಾ ಸಮೀಪದ ಭಾವಾಲ್ ಜಮೀನ್ದಾರಿಯ ಎರಡನೆಯ ಕುಮಾರನು ೧೯೦೯ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ವರ್ತಮಾನ ಬಂದಿತ್ತು. ಹನ್ನೆರಡು ವರ್ಷಗಳ ಬಳಿಕ, ೧೯೨೧ರಲ್ಲಿ, ಬೂದಿ ಬಳಿದುಕೊಂಡ ಸನ್ಯಾಸಿಯೊಬ್ಬನು ತಾನೇ ಆ ಕುಮಾರನೆಂದು ಘೋಷಿಸಿದನು. ೧೯೩೦ರಲ್ಲಿ ದಾವೆ ಹೂಡಲಾಯಿತು. ನೂರಾರು ಸಾಕ್ಷಿಗಳು ಬಂದು ಅವನ ಮೈಮೇಲಿನ ಗುರುತು, ನಡಿಗೆ, ಮಾತು, ಅಕ್ಷರಗಳ ವಿಷಯವಾಗಿ ನುಡಿದರು. ೧೯೩೬ರಲ್ಲಿ ಕೆಳಗಿನ ನ್ಯಾಯಾಲಯ, ೧೯೪೦ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯ, ಕೊನೆಗೆ ೧೯೪೬ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇವು ಮೂರೂ ಸನ್ಯಾಸಿಯ ಮಾತನ್ನೇ ಎತ್ತಿ ಹಿಡಿದವು. 'ನೀನು ಯಾರು?' ಎಂಬ ಒಂದು ಪ್ರಶ್ನೆಗೆ ಉತ್ತರ ಹೇಳಲು ನ್ಯಾಯಾಲಯಗಳಿಗೆ ಹದಿನಾರು ವರ್ಷಗಳು ಬೇಕಾದವು.

ಇಂದು ಬ್ಯಾಂಕಿನ ಯಂತ್ರವು ಅದೇ ಪ್ರಶ್ನೆಯನ್ನು ಕೇಳಿ ಅರೆಗಳಿಗೆಯಲ್ಲಿ ಉತ್ತರವನ್ನು ಸ್ವೀಕರಿಸುತ್ತದೆ. ಅದಕ್ಕೆ ಬೇಕಾದದ್ದು ಒಂದು ಗುಪ್ತಪದ ಮತ್ತು ದೂರವಾಣಿಗೆ ಬಂದ ಆರು ಅಂಕಿಗಳು. ಅಂಕಿಗಳನ್ನು ಒತ್ತಿದವನು ಯಾರೇ ಇರಲಿ, ಯಂತ್ರದ ದೃಷ್ಟಿಯಲ್ಲಿ ಅವನೇ ಖಾತೆದಾರ. ನಡಿಗೆಯನ್ನೂ ನುಡಿಯನ್ನೂ ಅದು ನೋಡದು. ಈ ವ್ಯವಸ್ಥೆಯಿಂದ ನಮಗೆ ದೊರೆತ ಸೌಲಭ್ಯ ಅಪಾರವಾದದ್ದು. ಪಿಂಚಣಿಗಾಗಿ ವೃದ್ಧರು ತಾಲೂಕು ಕೇಂದ್ರದ ಮುಂದೆ ದಿನವಿಡೀ ಕಾಯುತ್ತಿದ್ದುದನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ವ್ಯಕ್ತಿಯ ಗುರುತು ಅಂಕಿಗಳಾಗಿ ಮಾರ್ಪಟ್ಟಾಗ, ಗುರುತನ್ನು ಕದಿಯುವುದೂ ಅಂಕಿಗಳನ್ನು ಕದಿಯುವಷ್ಟೇ ಸುಲಭವಾಯಿತು.

ಈ ಹೊಸ ಬಗೆಯ ಕಳವಿಗೆ ಹಳೆಯ ಕಾನೂನಿನಲ್ಲಿ ತಕ್ಕ ಹೆಸರಿರಲಿಲ್ಲ. ೨೦೦೦ದ ಅಕ್ಟೋಬರ್ ೧೭ರಂದು ಮಾಹಿತಿ ತಂತ್ರಜ್ಞಾನ ಅಧಿನಿಯಮವು ಜಾರಿಗೆ ಬಂದಿತು. ಮರುವರ್ಷವೇ, ಅಂದರೆ ೨೦೦೧ರಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ನಮ್ಮ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಆದರೂ ಆರಂಭದ ಅಧಿನಿಯಮವು ಮುಖ್ಯವಾಗಿ ವಿದ್ಯುನ್ಮಾನ ವ್ಯಾಪಾರಕ್ಕೆ ಮಾನ್ಯತೆ ಕೊಡಲು ರಚಿತವಾದುದು. ಚೆನ್ನೈಯಲ್ಲಿ ಮಹಿಳೆಯೊಬ್ಬರ ಹೆಸರಿನಲ್ಲಿ ಹುಸಿ ಮಿಂಚಂಚೆ ಖಾತೆಯನ್ನು ತೆರೆದು, ಅವರೇ ಬರೆದಂತೆ ಅಸಭ್ಯ ಸಂದೇಶಗಳನ್ನು ಹರಡಿದವನಿಗೆ ೨೦೦೪ರ ನವೆಂಬರ್ ತಿಂಗಳಲ್ಲಿ ಶಿಕ್ಷೆಯಾಯಿತು. ಈ ಅಧಿನಿಯಮದ ಮೇರೆಗೆ ದೇಶದಲ್ಲಿ ಆದ ಮೊದಮೊದಲ ಶಿಕ್ಷೆಗಳಲ್ಲಿ ಇದು ಒಂದು. ಅಲ್ಲಿ ನಿಜವಾಗಿ ಕಳುವಾದದ್ದು ಆ ಮಹಿಳೆಯ ಹೆಸರು. ಆದರೆ ಆರೋಪಿಸಲು ದೊರೆತದ್ದು ಅಶ್ಲೀಲತೆ, ಮಾನಹಾನಿಗಾಗಿ ಮಾಡಿದ ಖೋಟಾ ದಾಖಲೆ ಮತ್ತು ಸ್ತ್ರೀಮರ್ಯಾದೆಗೆ ಭಂಗ ಎಂಬ ಕಲಮುಗಳು. ೨೦೦೫ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ನಾಸ್ಕಾಮ್ ಸಂಸ್ಥೆಯ ಹೆಸರನ್ನು ಬಳಸಿ ಮಿಂಚಂಚೆ ಕಳಿಸಿ ಜನರ ವೈಯಕ್ತಿಕ ವಿವರಗಳನ್ನು ಸಂಗ್ರಹಿಸಿದ ಪ್ರಕರಣ ಬಂದಿತು. ಗಾಳ ಹಾಕಿ ಮೀನು ಹಿಡಿಯುವಂತಹ ಈ ಕೃತ್ಯಕ್ಕೆ, ಅಂದರೆ ಫಿಶಿಂಗ್‌ಗೆ, ನಮ್ಮಲ್ಲಿ ಪ್ರತ್ಯೇಕ ಶಾಸನವಿಲ್ಲವೆಂಬುದನ್ನು ಗಮನಿಸಿಯೂ ನ್ಯಾಯಾಲಯವು ಅದು ಕಾನೂನುಬಾಹಿರವೆಂದು ಸಾರಿತು.

ಆ ಕೊರತೆಯನ್ನು ತುಂಬಿದ್ದು ೨೦೦೮ರ ತಿದ್ದುಪಡಿ. ಅದು ೨೦೦೯ರ ಅಕ್ಟೋಬರ್ ೨೭ರಿಂದ ಜಾರಿಗೆ ಬಂದಿತು. ಅದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಕಲಮುಗಳು ಎರಡು. ಅರವತ್ತಾರು-ಸಿ ಕಲಮು ಗುರುತಿನ ಕಳವನ್ನು ಕುರಿತದ್ದು: ಮತ್ತೊಬ್ಬರ ವಿದ್ಯುನ್ಮಾನ ಸಹಿ, ಗುಪ್ತಪದ ಅಥವಾ ಅವರಿಗೇ ವಿಶಿಷ್ಟವಾದ ಬೇರಾವ ಗುರುತನ್ನಾದರೂ ಅಪ್ರಾಮಾಣಿಕವಾಗಿ ಬಳಸುವುದು. ಅರವತ್ತಾರು-ಡಿ ಕಲಮು ಸಂಪರ್ಕ ಸಾಧನ ಅಥವಾ ಗಣಕದ ಮೂಲಕ ಸೋಗು ಹಾಕಿ ವಂಚಿಸುವುದನ್ನು ಕುರಿತದ್ದು. ಎರಡಕ್ಕೂ ಮೂರು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡ. ಮೊದಲನೆಯದು ಬೀಗದ ಕೈಯನ್ನು ಕದ್ದು ಬಳಸಿದವನಿಗೆ, ಎರಡನೆಯದು ಮನೆಯೊಡೆಯನೆಂದು ನಟಿಸಿ ಬಾಗಿಲು ತೆರೆಸಿದವನಿಗೆ ಎಂದು ತಿಳಿದರೆ ಭೇದವು ಸ್ಪಷ್ಟವಾಗುತ್ತದೆ. ಇದೇ ತಿದ್ದುಪಡಿಯಿಂದ ಬಂದಿದ್ದ ಅರವತ್ತಾರು-ಎ ಕಲಮನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದು ರದ್ದುಪಡಿಸಿತು. ಎ, ಸಿ, ಡಿ ಎಂಬ ಅಕ್ಷರಗಳನ್ನು ಗೊಂದಲ ಮಾಡಿಕೊಂಡು ಇವೆಲ್ಲವೂ ರದ್ದಾದವೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಸಿ ಮತ್ತು ಡಿ ಕಲಮುಗಳು ಜಾರಿಯಲ್ಲಿವೆ.

೨೦೨೪ರ ಜುಲೈ ೧ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೇಲೆ ಹೇಳಿದ ಹಳೆಯ ಕಲಮು ಅದರಲ್ಲಿ ೩೧೯ನೆಯದಾಗಿ, ಅದೇ ಉದಾಹರಣೆಗಳೊಡನೆ ಉಳಿದಿದೆ. ಶಿಕ್ಷೆಯ ಮಿತಿ ಮಾತ್ರ ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿದೆ. ವಂಚಿಸಿ ಸ್ವತ್ತನ್ನು ಪಡೆದರೆ ೩೧೮ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಸರಕಾರಿ ಅಧಿಕಾರಿಯೆಂದು ಸೋಗು ಹಾಕಿದವನಿಗೆ ೨೦೪ನೆಯ ಕಲಮು ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳಿಗೆ ಮೀರದ ಸೆರೆವಾಸವನ್ನು ವಿಧಿಸುತ್ತದೆ. ಸಂಘಟಿತ ಅಪರಾಧವನ್ನು ಕುರಿತ ೧೧೧ನೆಯ ಕಲಮಿನಲ್ಲಿ ಸೈಬರ್ ಅಪರಾಧಗಳನ್ನೂ ಸೇರಿಸಲಾಗಿದ್ದು, ಅದರಲ್ಲಿ ಐದು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಗೆ ಅವಕಾಶವಿದೆ.

ಕಲಮುಗಳ ಮಾತು ಇಷ್ಟು ಸಾಕು. ಇವುಗಳನ್ನು ಎದುರಿಸಿ ನಿಂತಿರುವ ವಂಚನೆಯ ಸ್ವರೂಪವನ್ನು ನೋಡೋಣ. ಈಚಿನ ವರ್ಷಗಳಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನದು. ಮೊದಲು ಒಂದು ಕರೆ ಬರುತ್ತದೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆಯೆಂದೋ, ನಿಮ್ಮ ಆಧಾರ್ ಸಂಖ್ಯೆಯಿಂದ ತೆರೆದ ಖಾತೆಯಲ್ಲಿ ಕಪ್ಪುಹಣ ಓಡಾಡಿದೆಯೆಂದೋ ಹೇಳಲಾಗುತ್ತದೆ. ಗಾಬರಿಗೊಂಡವರನ್ನು 'ಮೇಲಧಿಕಾರಿ'ಗೆ ಒಪ್ಪಿಸಲಾಗುತ್ತದೆ. ಆತ ವಿಡಿಯೋ ಕರೆಯಲ್ಲಿ ಸಮವಸ್ತ್ರದಲ್ಲಿ ಕುಳಿತಿರುತ್ತಾನೆ. ಹಿಂದೆ ಲಾಂಛನ, ಪಕ್ಕದಲ್ಲಿ ಧ್ವಜ, ಮೇಜಿನ ಮೇಲೆ ಕಡತಗಳು. ನಾಟಕ ಕಂಪನಿಯೊಂದು ಇಷ್ಟು ಅಚ್ಚುಕಟ್ಟಾಗಿ ರಂಗಸಜ್ಜಿಕೆ ಮಾಡಿದ್ದರೆ ಮೆಚ್ಚುತ್ತಿದ್ದೆವೋ ಏನೋ! ಬಳಿಕ ಸಿಬಿಐ ಅಥವಾ ನ್ಯಾಯಾಲಯದ ಮುದ್ರೆಯುಳ್ಳ ಪತ್ರಗಳು ದೂರವಾಣಿಗೆ ಬರುತ್ತವೆ. ಕ್ಯಾಮೆರಾದ ಮುಂದಿನಿಂದ ಏಳಕೂಡದು, ಬಾಗಿಲು ಹಾಕಿಕೊಳ್ಳಬೇಕು, ಮನೆಯವರಿಗೂ ಹೇಳಕೂಡದು ಎಂಬ ಆಜ್ಞೆಯಾಗುತ್ತದೆ. ಹೀಗೆ ಗಂಟೆಗಟ್ಟಲೆ, ಕೆಲವೆಡೆ ದಿನಗಟ್ಟಲೆ ನಡೆಸಿ, ತನಿಖೆ ಮುಗಿಯುವವರೆಗೆ ಹಣವನ್ನು 'ಸರಕಾರದ ಸುರಕ್ಷಿತ ಖಾತೆ'ಗೆ ವರ್ಗಾಯಿಸಲು ಹೇಳಲಾಗುತ್ತದೆ. ನಿರಪರಾಧಿಯಾದರೆ ಹಣ ಮರಳಿ ಬರುವುದಂತೆ! ೨೦೨೪ರಲ್ಲಿ ಲೂಧಿಯಾನದ ಹೆಸರಾಂತ ಜವಳಿ ಉದ್ಯಮಿಯೊಬ್ಬರು ಹೀಗೆಯೇ ಏಳು ಕೋಟಿ ರೂಪಾಯಿಗಳನ್ನು ಕಳೆದುಕೊಂಡರು. ಅವರ ಮುಂದೆ ಸರ್ವೋಚ್ಚ ನ್ಯಾಯಾಲಯದ ಹುಸಿ ವಿಚಾರಣೆಯನ್ನೇ ನಡೆಸಿ, ಮುಖ್ಯ ನ್ಯಾಯಮೂರ್ತಿಗಳ ಸೋಗನ್ನೂ ಹಾಕಲಾಗಿತ್ತು. ಅದೇ ವರ್ಷದ ಅಕ್ಟೋಬರ್ ೨೭ರಂದು ಪ್ರಧಾನಮಂತ್ರಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಜನರನ್ನು ಎಚ್ಚರಿಸುತ್ತ, ವಂಚಕನೊಬ್ಬನು ನಮ್ಮ ವಿಜಯಪುರದವರೊಬ್ಬರೊಡನೆ ಆಡಿದ ಮಾತುಕತೆಯ ಧ್ವನಿಮುದ್ರಣವನ್ನು ಇಡೀ ದೇಶಕ್ಕೆ ಕೇಳಿಸಿದರು.

ಇಂಥ ಬಲೆಗೆ ಬೀಳುವವರು ಅವಿದ್ಯಾವಂತರು, ಆಸೆಬುರುಕರು ಎಂದು ಹಗುರವಾಗಿ ಮಾತಾಡುವುದುಂಟು. ನನಗೆ ಅದು ಒಪ್ಪಿತವಲ್ಲ. ಈ ವಂಚನೆಯಲ್ಲಿ ಆಸೆಗೆ ಸ್ಥಾನವೇ ಇಲ್ಲ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ವೈದ್ಯರು ಇದರಲ್ಲಿ ಸಿಕ್ಕಿಬಿದ್ದಿರುವುದಕ್ಕೆ ಕಾರಣ ಅವರು ಜೀವನವಿಡೀ ಕಾನೂನಿಗೆ ತಲೆಬಾಗಿ ನಡೆದವರೆಂಬುದೇ. ಮುದ್ರೆಯುಳ್ಳ ಕಾಗದಕ್ಕೆ ಉತ್ತರ ಕೊಡಬೇಕು, ಅಧಿಕಾರಿ ಕರೆದರೆ ಹೋಗಬೇಕು ಎಂದು ನಂಬಿ ಬಾಳಿದವರನ್ನು ಅವರ ಆ ಸದ್ಗುಣದಿಂದಲೇ ಕಟ್ಟಿಹಾಕಲಾಗುತ್ತದೆ. ನಿಜವಾದ ನ್ಯಾಯಾಲಯಗಳೂ ಈಗ ವಿಡಿಯೋ ಮೂಲಕ ಕಲಾಪ ನಡೆಸುವುದರಿಂದ ತೆರೆಯ ಮೇಲೆ ಕಂಡ ನ್ಯಾಯಾಧೀಶನನ್ನು ನಂಬಿದ್ದು ಮೂರ್ಖತನವೆನ್ನಲು ಬಾರದು. ಮೋಸಹೋದವರನ್ನು ಮನೆಯವರೇ ಹಂಗಿಸತೊಡಗಿದರೆ ಅವರು ದೂರು ಕೊಡುವುದಿಲ್ಲ. ದೂರು ತಡವಾದಷ್ಟೂ ಹಣ ದೂರ ಹೋಗುತ್ತದೆ.

ಆದರೆ ಬಂಧನದ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಬಲ್ಲವರಿಗೆ ಈ ನಾಟಕದ ಹುಳುಕು ಕೂಡಲೆ ಕಾಣುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೩ನೆಯ ಕಲಮಿನ ಪ್ರಕಾರ, ಮಾತಿನಿಂದಲೋ ಕ್ರಿಯೆಯಿಂದಲೋ ವ್ಯಕ್ತಿಯೇ ವಶವಾಗದ ಹೊರತು, ಬಂಧಿಸುವ ಅಧಿಕಾರಿಯು ಆ ವ್ಯಕ್ತಿಯ ದೇಹವನ್ನು ಮುಟ್ಟಬೇಕು ಇಲ್ಲವೆ ನಿರ್ಬಂಧಿಸಬೇಕು. ನೂರಾರು ಮೈಲಿ ದೂರದ ತೆರೆಯ ಮೇಲಿರುವವನು ಯಾರನ್ನೂ ಬಂಧಿಸಲಾರನು. ಹಾಗೆ ಬಂಧಿಸುವ ಪದ್ಧತಿ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಬಂಧಿತನನ್ನು ಇಪ್ಪತ್ತನಾಲ್ಕು ಗಂಟೆಗಳ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ ೨೨ನೆಯ ಅನುಚ್ಛೇದ ವಿಧಿಸುತ್ತದೆ. ವಿಚಾರಣೆಗೆ ಹಾಜರಾಗಬೇಕೆಂಬ ನೋಟೀಸನ್ನು ಪೊಲೀಸರು ವಾಟ್ಸ್ಆಪ್ ಮೂಲಕ ಜಾರಿ ಮಾಡತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜನವರಿಯಲ್ಲಿ ನಿರ್ದೇಶಿಸಿದೆ. ಇವೆಲ್ಲಕ್ಕಿಂತ ನೆನಪಿಡಲು ಸುಲಭವಾದದ್ದು ಇನ್ನೊಂದು ನಿಯಮ. ಬಂಧನವಾದ ಕೂಡಲೆ ಆ ವಿಷಯವನ್ನು ಬಂಧಿತನ ಬಂಧುವಿಗೋ ಮಿತ್ರನಿಗೋ ತಿಳಿಸುವುದು ಪೊಲೀಸರ ಕರ್ತವ್ಯ. ನಿಜವಾದ ಬಂಧನವನ್ನು ಮನೆಯವರಿಗೆ ತಿಳಿಸಲೇಬೇಕು. ಹುಸಿ ಬಂಧನವನ್ನು ಮನೆಯವರಿಂದ ಮುಚ್ಚಿಡಲೇಬೇಕು. 'ಯಾರಿಗೂ ಹೇಳಬೇಡಿ' ಎಂಬ ಮಾತು ಬಂದ ಕ್ಷಣದಲ್ಲಿಯೇ ಎದುರಿನವನು ಅಧಿಕಾರಿಯಲ್ಲವೆಂದು ತೀರ್ಮಾನಿಸಬಹುದು.

ಉಳಿದ ಬಗೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದೂರವಾಣಿಯ ಮೇಲೆ ಕಾಣುವ ಸಂಖ್ಯೆಯೇ ಸುಳ್ಳಾಗಿರಬಹುದು. ಪರದೇಶದಿಂದ ಹೊರಟ ಕರೆಗೆ ಭಾರತದ ಸಂಖ್ಯೆಯ ವೇಷ ತೊಡಿಸುವ ಈ ತಂತ್ರವನ್ನು ತಡೆಯುವ ವ್ಯವಸ್ಥೆಯೊಂದನ್ನು ದೂರಸಂಪರ್ಕ ಇಲಾಖೆಯು ೨೦೨೪ರ ಅಕ್ಟೋಬರ್ ೨೨ರಂದು ಆರಂಭಿಸಿದಾಗ, ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿಯೇ ಸುಮಾರು ೧.೩೫ ಕೋಟಿ ಕರೆಗಳು ತಡೆಯಲ್ಪಟ್ಟವು. ಯುಪಿಐ ವಂಚನೆಯಲ್ಲಿ ಹಣ ಕೊಡುವುದಾಗಿ ಹೇಳಿ ಗುಪ್ತ ಪಿನ್ ಒತ್ತಿಸುತ್ತಾರೆ. ಹಣವನ್ನು ಸ್ವೀಕರಿಸಲು ಪಿನ್ ಎಂದಿಗೂ ಬೇಡ, ಕಳಿಸಲು ಮಾತ್ರ ಬೇಕು. ಬ್ಯಾಂಕಿನ ಜಾಲತಾಣವನ್ನೇ ಹೋಲುವ ಹುಸಿ ತಾಣಗಳ ಹಾವಳಿಯನ್ನು ತಗ್ಗಿಸಲು ಭಾರತದ ಬ್ಯಾಂಕುಗಳೆಲ್ಲ 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ೨೦೨೫ರ ಅಕ್ಟೋಬರ್ ೩೧ರ ಒಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಬೇರೊಬ್ಬರ ಹೆಸರಿನಲ್ಲಿ ಸಿಮ್ ಪಡೆದವರಿಗೆ ೨೦೨೩ರ ದೂರಸಂಪರ್ಕ ಅಧಿನಿಯಮವು ಮೂರು ವರ್ಷಗಳವರೆಗಿನ ಸೆರೆವಾಸವನ್ನೋ ಐವತ್ತು ಲಕ್ಷ ರೂಪಾಯಿಗಳವರೆಗಿನ ದಂಡವನ್ನೋ ಎರಡನ್ನೂ ಕೂಡಿಯೋ ವಿಧಿಸುತ್ತದೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂಬುದನ್ನು 'ಸಂಚಾರ ಸಾಥಿ' ತಾಣದಲ್ಲಿ ಯಾರಾದರೂ ನೋಡಿಕೊಳ್ಳಬಹುದು.

ಯಂತ್ರಬುದ್ಧಿಯ ಬೆಳವಣಿಗೆಯಿಂದ ಈಗ ಕಂಠವನ್ನೂ ಮುಖವನ್ನೂ ಅನುಕರಿಸುವುದು ಸಾಧ್ಯವಾಗಿದೆ. ೨೦೨೪ರ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ ಒಂದು ಸಂಸ್ಥೆಯ ನೌಕರನು ತನ್ನ ಮೇಲಧಿಕಾರಿಗಳೊಡನೆ ವಿಡಿಯೋ ಸಭೆಯಲ್ಲಿ ಮಾತಾಡಿ ಸುಮಾರು ೨೦ ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ವರ್ಗಾಯಿಸಿದನು. ಆ ಸಭೆಯಲ್ಲಿ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಯಂತ್ರವು ಸೃಷ್ಟಿಸಿದ ಆಕೃತಿಗಳಾಗಿದ್ದರು. ನಮ್ಮಲ್ಲಿ ೨೦೨೧ರ ಮಾಹಿತಿ ತಂತ್ರಜ್ಞಾನ ನಿಯಮಗಳು, ಸೋಗಿನ ಖಾತೆ ಅಥವಾ ತಿದ್ದಿದ ಚಿತ್ರದ ಬಗ್ಗೆ ಬಾಧಿತರು ದೂರಿದರೆ ಸಾಮಾಜಿಕ ಮಾಧ್ಯಮ ಸಂಸ್ಥೆಗಳು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅದನ್ನು ತೆಗೆಯಬೇಕೆಂದು ಹೇಳಿದ್ದವು. ೨೦೨೬ರ ತಿದ್ದುಪಡಿಯು ಆ ಗಡುವನ್ನು ಇನ್ನೂ ಕಿರಿದುಗೊಳಿಸಿತು. ತಮ್ಮ ಭಾವಚಿತ್ರ ಬಳಸಿದ ಹುಸಿ ಖಾತೆಯನ್ನು ಕಂಡ ವಿದ್ಯಾರ್ಥಿನಿಯರು ಅಂಜಿ ಸುಮ್ಮನಿರಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ. ಹಣದ ನಷ್ಟವಾಗದಿದ್ದರೂ ಮೇಲೆ ಹೇಳಿದ ಅರವತ್ತಾರು-ಸಿ ಕಲಮಿನ ಆಶ್ರಯವನ್ನು ಅವರು ಕೋರಬಹುದು.

ಈ ವ್ಯವಹಾರದ ಗಾತ್ರವೆಷ್ಟು? ೨೦೨೩ರಲ್ಲಿ ದೇಶದ ಜನರು ಸೈಬರ್ ವಂಚಕರಿಗೆ ತೆತ್ತದ್ದು ೭,೪೬೫ ಕೋಟಿ ರೂಪಾಯಿ. ೨೦೨೪ರಲ್ಲಿ ೨೨,೮೪೫ ಕೋಟಿ. ಇವು ಸಂಸತ್ತಿನಲ್ಲಿ ಸರಕಾರವೇ ನೀಡಿದ ಅಂಕಿಗಳು. ಈ ಕರೆಗಳಲ್ಲಿ ಬಹುಭಾಗ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ದೇಶಗಳ ಎತ್ತರದ ಗೋಡೆಗಳ ಆವರಣಗಳಿಂದ ಬರುತ್ತವೆ. ಮ್ಯಾನ್ಮಾರಿನಲ್ಲಿ ಕನಿಷ್ಠ ಒಂದು ಲಕ್ಷ ಇಪ್ಪತ್ತು ಸಾವಿರ, ಕಾಂಬೋಡಿಯಾದಲ್ಲಿ ಸುಮಾರು ಒಂದು ಲಕ್ಷ ಜನರನ್ನು ಬಲಾತ್ಕಾರದಿಂದ ಇಂಥ ಕೆಲಸಕ್ಕೆ ಹಚ್ಚಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು ೨೦೨೩ರ ಆಗಸ್ಟ್ ತಿಂಗಳ ವರದಿಯಲ್ಲಿ ಅಂದಾಜಿಸಿತು. ಒಳ್ಳೆಯ ಸಂಬಳದ ಗಣಕ ನೌಕರಿಯೆಂಬ ಜಾಹೀರಾತನ್ನು ನಂಬಿ ಹೋಗಿ, ಪಾಸ್‌ಪೋರ್ಟನ್ನು ಕಸಿದುಕೊಳ್ಳಲ್ಪಟ್ಟ ಭಾರತೀಯ ಯುವಕರೂ ಅವರಲ್ಲಿದ್ದಾರೆ. ಅಂದರೆ ಇಲ್ಲಿ ಒಬ್ಬ ವೃದ್ಧನನ್ನು ಹೆದರಿಸುತ್ತಿರುವ ದನಿಯು ಅಲ್ಲಿ ಹೊಡೆತಕ್ಕೆ ಹೆದರಿದ ಯಾವುದೋ ತಾಯಿಯ ಮಗನದಾಗಿರಲೂಬಹುದು. ಭಾರತದಲ್ಲಿರುವ ಗಣಕಕ್ಕೆ ಸಂಬಂಧಿಸಿದ ಅಪರಾಧವನ್ನು ಹೊರದೇಶದಲ್ಲಿ ಕುಳಿತು ಮಾಡಿದರೂ ನಮ್ಮ ಅಧಿನಿಯಮದ ೭೫ನೆಯ ಕಲಮು ಅನ್ವಯಿಸುತ್ತದೆ. ಆದರೆ ಅನ್ವಯಿಸುವುದು ಬೇರೆ, ಅಪರಾಧಿಯನ್ನು ಹಿಡಿದು ತರುವುದು ಬೇರೆ.

ಹೊರದೇಶದ ಒಡೆಯರು ಸಿಗದಿರಬಹುದು. ಅವರಿಗೆ ಹಣ ತಲುಪಬೇಕಾದರೆ ಮಾತ್ರ ಭಾರತದೊಳಗಿನ ಬ್ಯಾಂಕ್ ಖಾತೆ ಬೇಕೇ ಬೇಕು. ಇಲ್ಲಿಯೇ ನಮ್ಮ ವಿದ್ಯಾರ್ಥಿ ಮಿತ್ರರು ವಿಶೇಷವಾಗಿ ಕಿವಿಗೊಡಬೇಕಾದ ಸಂಗತಿಯಿದೆ. ಹದಿನೆಂಟು ತುಂಬಿದ, ಕೈಖರ್ಚಿಗೆ ಹಣವಿಲ್ಲದ ಹುಡುಗನನ್ನು ಯಾರೋ ಪರಿಚಯ ಮಾಡಿಕೊಳ್ಳುತ್ತಾರೆ. ಒಂದು ಖಾತೆಯನ್ನು ತೆರೆದು ಅದರ ಕಾರ್ಡು, ಸಿಮ್, ಗುಪ್ತಪದಗಳನ್ನು ಒಪ್ಪಿಸಿದರೆ ಕೆಲವು ಸಾವಿರ ರೂಪಾಯಿ ಕೊಡುತ್ತೇವೆನ್ನುತ್ತಾರೆ. 'ತೆರಿಗೆಯ ತೊಂದರೆಗಾಗಿ' ಎಂದು ಕಾರಣ ಹೇಳುತ್ತಾರೆ. ಕೆಲವೇ ದಿನಗಳಲ್ಲಿ ಆ ಖಾತೆಯಲ್ಲಿ ಎಲ್ಲಿಯದೋ ನಿವೃತ್ತರ ಲಕ್ಷಾಂತರ ರೂಪಾಯಿ ಬಂದು ನಿಮಿಷಗಳಲ್ಲಿ ಹೊರಟುಹೋಗುತ್ತದೆ. ಪೊಲೀಸರು ಜಾಡು ಹಿಡಿದು ಬಂದಾಗ ಕಾಗದಪತ್ರಗಳಲ್ಲಿ ಸಿಗುವ ಹೆಸರು ಆ ಹುಡುಗನದೇ. ತನಗೇನೂ ತಿಳಿಯದೆಂದು ಅವನು ಹೇಳಬಹುದು. ಬಾಡಿಗೆ ಪಡೆದು ಖಾತೆಯನ್ನು ಒಪ್ಪಿಸಿದವನ ಆ ಮಾತು ಸುಲಭವಾಗಿ ನಂಬಿಕೆಗೆ ಪಾತ್ರವಾಗದು. ಬೇರೆ ರಾಜ್ಯದ ಠಾಣೆ, ಬೇರೆ ಭಾಷೆಯ ನ್ಯಾಯಾಲಯ, ಸ್ಥಗಿತಗೊಂಡ ಖಾತೆ, ನೌಕರಿಗೆ ಅಡ್ಡಬರುವ ಮೊಕದ್ದಮೆ ಇಷ್ಟೂ ಕೆಲವು ಸಾವಿರ ರೂಪಾಯಿಗಳ ಬೆಲೆ. ಇಂಥ ಬಾಡಿಗೆ ಖಾತೆಗಳನ್ನು ಪತ್ತೆ ಹಚ್ಚುವುದಕ್ಕಾಗಿ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ಎಂಬ ಸಂಸ್ಥೆಯು 'ಮ್ಯೂಲ್ ಹಂಟರ್' ಎಂಬ ಗಣಕ ವಿಧಾನವನ್ನು ರೂಪಿಸಿದೆಯೆಂದು ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮ್ಯೂಲ್ ಎಂದರೆ ಹೇಸರಗತ್ತೆ. ಪರರ ಹೊರೆಯನ್ನು ಹೊರುವ ಪ್ರಾಣಿ. ಹೆಸರು ಕಟುವಾಗಿದ್ದರೂ ಅನ್ವರ್ಥಕವಾಗಿದೆ.

ಶಿಕ್ಷೆಯು ಸಾಲದೆಂಬುದು ಅನೇಕರ ಆಕ್ಷೇಪ. ಒಬ್ಬರ ಜೀವಮಾನದ ಉಳಿತಾಯವನ್ನು ದೋಚಿದವನಿಗೆ ಅರವತ್ತಾರು-ಡಿ ಪ್ರಕಾರ ಮೂರು ವರ್ಷ, ಅದೂ ಜಾಮೀನು ದೊರೆಯುವ ಅಪರಾಧವೆಂದರೆ ಯಾರಿಗಾದರೂ ಹಾಗೆನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಕೊರತೆಯಿರುವುದು ವರ್ಷಗಳ ಎಣಿಕೆಯಲ್ಲಿ ಅಲ್ಲ, ಪತ್ತೆಯ ವೇಗದಲ್ಲಿ. ಹಿಡಿಯುವುದೇ ಅಪರೂಪವಾದರೆ ಜೀವಾವಧಿಯ ಬೆದರಿಕೆಯೂ ಕಾಗದದ ಹುಲಿ. ಹಿಡಿದಲ್ಲಿ ನ್ಯಾಯಾಲಯಗಳು ಮೃದುವಾಗಿಲ್ಲ: ೨೦೨೫ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ನ್ಯಾಯಾಲಯವು ಡಿಜಿಟಲ್ ಅರೆಸ್ಟ್ ಪ್ರಕರಣವೊಂದರಲ್ಲಿ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹರಿಯಾಣದ ಅಂಬಾಲಾದ ವೃದ್ಧ ದಂಪತಿಗಳಿಗೆ ಸರ್ವೋಚ್ಚ ನ್ಯಾಯಾಲಯದ ಖೋಟಾ ಆದೇಶಗಳನ್ನು ತೋರಿಸಿ 1 ಕೋಟಿ ರೂಪಾಯಿಗೂ ಮಿಕ್ಕಿ ದೋಚಿದ ವಿಷಯವನ್ನು ಆ ನ್ಯಾಯಾಲಯವು ೨೦೨೫ರ ಅಕ್ಟೋಬರಿನಲ್ಲಿ ತಾನಾಗಿಯೇ ಕೈಗೆತ್ತಿಕೊಂಡು, ಡಿಸೆಂಬರ್ ೧ರಂದು ದೇಶದಾದ್ಯಂತದ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಯಾವ ಸಂಸ್ಥೆಯ ಹೆಸರು ಹೇಳಿ ವಂಚಕರು ಜನರನ್ನು ಹೆದರಿಸುತ್ತಿದ್ದರೋ ಅದೇ ಸಂಸ್ಥೆ ಈಗ ಅವರ ಬೆನ್ನು ಹತ್ತಿದೆ.

ವಂಚನೆಯಾದಾಗ ಮಾಡಬೇಕಾದದ್ದು ಏನು? ಮೊದಲ ಕೆಲಸ ೧೯೩೦ ಸಂಖ್ಯೆಗೆ ಕರೆ. ೨೦೨೧ರಲ್ಲಿ ಆರಂಭವಾದ ಈ ವ್ಯವಸ್ಥೆಯು ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ಸೂತ್ರದಲ್ಲಿ ಕಟ್ಟಿದೆ. ದೂರು ದಾಖಲಾದ ಕೂಡಲೆ ಹಣ ಹೋದ ಖಾತೆಗೆ ತಡೆ ಬೀಳುತ್ತದೆ; ಅಲ್ಲಿಂದ ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣವು ಒಂದು ಖಾತೆಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಒಡೆದು ಹರಿಯುವುದರಿಂದ ಮೊದಲ ಒಂದೆರಡು ಗಂಟೆಗಳು ಅತ್ಯಂತ ಅಮೂಲ್ಯ. ಲೂಧಿಯಾನದ ಪ್ರಕರಣದಲ್ಲಿ ಏಳು ಕೋಟಿಯ ಪೈಕಿ ಐದು ಕೋಟಿಗೂ ಹೆಚ್ಚು ಹಣವನ್ನು ಪೊಲೀಸರು ಮರಳಿ ಪಡೆಯಲು ಸಾಧ್ಯವಾಯಿತು. ಬ್ಯಾಂಕಿಗೂ ಕೂಡಲೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಗ್ರಾಹಕನ ತಪ್ಪಿಲ್ಲದೆ ಹೊರಗಿನವರ ಕೃತ್ಯದಿಂದ ಹಣ ಹೋದಲ್ಲಿ, ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವನ ಮೇಲೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆ ನಿಗದಿಮಾಡಿತು. ಗುಪ್ತಪದವನ್ನು ಗ್ರಾಹಕನೇ ಹೇಳಿಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು. ಎರಡೂ ಬಗೆಯಲ್ಲಿ ಬೇಗ ತಿಳಿಸಿದವನಿಗೇ ಲಾಭ.

ಆ ಬಳಿಕ ಠಾಣೆಯಲ್ಲಿ ದೂರು ಕೊಡಬೇಕು. ಅಪರಾಧವು ಎಲ್ಲಿ ನಡೆಯಿತೆಂಬುದನ್ನು ಲೆಕ್ಕಿಸದೆ ಯಾವ ಠಾಣೆಯಾದರೂ ಅದನ್ನು ದಾಖಲಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮು ಹೇಳುತ್ತದೆ. ವಿದ್ಯುನ್ಮಾನ ಮಾರ್ಗದಲ್ಲಿಯೂ ಕಳಿಸಬಹುದು, ಆದರೆ ಮೂರು ದಿನಗಳ ಒಳಗೆ ಹೋಗಿ ಸಹಿ ಮಾಡಬೇಕು. ವಂಚಕನ ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಹಾಕುವವರು ಬಹಳ ಮಂದಿ. ಅವುಗಳನ್ನು ಹಾಗೆಯೇ ಇಟ್ಟುಕೊಂಡಿರಬೇಕು. ಕರೆ ಬಂದ ಸಂಖ್ಯೆ, ಹೊತ್ತು, ಹಣ ಹೋದ ಖಾತೆಯ ವಿವರ, ಬ್ಯಾಂಕಿನ ವ್ಯವಹಾರ ಸಂಖ್ಯೆ ಇವು ದೂರಿನಲ್ಲಿ ಇರಬೇಕು. ತಡೆಹಿಡಿದ ಹಣವು ತಾನಾಗಿ ಮರಳಿ ಬರುವುದಿಲ್ಲವಾದ್ದರಿಂದ ಅದನ್ನು ಬಿಡಿಸಿಕೊಳ್ಳಲು ದೂರಿನ ಪ್ರತಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ ಆದೇಶ ಪಡೆಯಬೇಕಾಗಬಹುದು. ವಕೀಲರನ್ನು ನೇಮಿಸಿಕೊಳ್ಳಲು ಅನುಕೂಲವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು; ಅದರ ಕಚೇರಿ ಸಾಮಾನ್ಯವಾಗಿ ಆಯಾ ತಾಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ.